ಮಾತು ತಪ್ಪಿದ ಮಾರಾಟ: ನಿಮ್ಮ ಹಕ್ಕೇನು?



ಎರಡು ವರ್ಷಗಳ ಹಿಂದಿನ ಮಾತು. ಈದುಲ್ ಫಿತ್ರ್ ಕಳೆದು ಕೆಲವು ವಾರಗಳಾಗಿದ್ದವು. ನಮ್ಮ ಶಾಲೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ನನ್ನನ್ನು ಕಾಣಲು ಬಂದರು. ಗಂಡ ತೀರಿಕೊಂಡ ಮೇಲೆ ಬಟ್ಟೆ ಹೊಲಿದು ಇಬ್ಬರು ಮಕ್ಕಳನ್ನು ಓದಿಸುತ್ತಿರುವ ಹೆಣ್ಣುಮಗಳು. ಹೊಸ ತರಗತಿಯ ಶುಲ್ಕಕ್ಕೆ ಒಂದು ತಿಂಗಳ ಅವಧಿ ಕೊಡಿಸಿ ಎಂದು ಕೇಳಲು ಬಂದಿದ್ದರು. "ಪ್ರತಿ ವರ್ಷ ಹಬ್ಬದ ಹೊಲಿಗೆಯಲ್ಲೇ ಶುಲ್ಕದ ಹಣ ಕೂಡುತ್ತಿತ್ತು ಟೀಚರ್, ಈ ಸಲ ಮೆಷಿನ್ ಕೈಕೊಟ್ಟಿತು" ಎಂದರು.

ವಿಚಾರಿಸಿದಾಗ ವಿಷಯ ತಿಳಿಯಿತು. ಹಬ್ಬದ ಬಟ್ಟೆಗಳ ಹೊಲಿಗೆಗೆಂದು ಅಂಗಡಿಯೊಂದರಲ್ಲಿ ಮೋಟಾರಿನ ಹೊಸ ಹೊಲಿಗೆ ಯಂತ್ರಕ್ಕೆ ಮುಂಗಡ ಕೊಟ್ಟಿದ್ದರು. ಶಅಬಾನ್ ತಿಂಗಳು ಮುಗಿಯುವುದರೊಳಗೆ ಮನೆಗೆ ತಲುಪಿಸುತ್ತೇವೆ ಎಂದು ಅಂಗಡಿಯವರು ಹೇಳಿದ್ದರು. ಯಂತ್ರ ಬಂದದ್ದು ರಮಝಾನಿನ ಹನ್ನೆರಡನೇ ದಿನ. ನಾಲ್ಕು ದಿನ ಹೊಲಿಯುವಷ್ಟರಲ್ಲಿ ನೂಲು ಹರಿಯತೊಡಗಿತು, ಹೊಲಿಗೆ ಬಿಟ್ಟು ಬಿಟ್ಟು ಬೀಳತೊಡಗಿತು. ರಿಪೇರಿಯವನು ಬಿಚ್ಚಿ ನೋಡಿ, "ಅಕ್ಕಾ, ಇದು ಹಳೇ ಮೆಷಿನ್, ಮೇಲೆ ಬಣ್ಣ ಹೊಡೆದಿದ್ದಾರೆ" ಎಂದ. ಅಂಗಡಿಗೆ ಹೋಗಿ ಕೇಳಿದರೆ ಚೀಟಿಯ ಕೆಳಗೆ ಅಚ್ಚಾಗಿದ್ದ ಸಾಲನ್ನು ಬೆರಳಿಟ್ಟು ತೋರಿಸಿದರಂತೆ: ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ.

ಮನೆಯ ಹಿರಿಯರು ಏನೆಂದರು? "ರಮಝಾನಿನಲ್ಲಿ ಜಗಳ ಬೇಡ, ಸಬರ್ ಮಾಡು." ಆಕೆ ಸಬರ್ ಮಾಡಿದರು. ಅದೇ ಯಂತ್ರದಲ್ಲಿ ಕಷ್ಟಪಟ್ಟು ಸ್ವಲ್ಪ ಹೊಲಿದರು. ಉಳಿದ ಬಟ್ಟೆಗಳನ್ನು ಹೊಲಿಯಲಾಗದೆ ಹಿಂದಿರುಗಿಸಿದರು.

ಸಹೋದರಿಯರೇ, ನಾನು ಕೇಳುವುದಿಷ್ಟೆ. ಇದು ಸಬರ್ ಆಗುತ್ತದೆಯೇ? ಅಲ್ಲಾಹನು ಕೊಟ್ಟ ಪರೀಕ್ಷೆಯನ್ನು ಸಹಿಸುವುದು ಸಬರ್. ಮಾರುವವನು ಮಾಡಿದ ಮೋಸವನ್ನು ಬಾಯಿ ಮುಚ್ಚಿ ನುಂಗುವುದು ಸಬರ್ ಅಲ್ಲ. ಅದು ಅವನಿಗೆ ಇನ್ನೊಬ್ಬ ಬಡವಿಯನ್ನು ಮೋಸಗೊಳಿಸಲು ಧೈರ್ಯ ಕೊಟ್ಟಂತೆ. ನಮ್ಮ ಧರ್ಮವೂ ನಮ್ಮ ದೇಶದ ಕಾನೂನೂ ಇಂತಹ ಸಂದರ್ಭದಲ್ಲಿ ನಮಗೆ ಸ್ಪಷ್ಟವಾದ ಹಕ್ಕುಗಳನ್ನು ಕೊಟ್ಟಿವೆ. ಅವು ಯಾವುವೆಂದು ತಿಳಿದುಕೊಳ್ಳೋಣ.

ವ್ಯಾಪಾರವೂ ಧರ್ಮದ ಭಾಗ

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಯಾವ ವಿಷಯದ್ದೆಂದು ನಿಮಗೆ ಗೊತ್ತೇ? ನಮಾಝಿನ ಬಗ್ಗೆ ಅಲ್ಲ, ಉಪವಾಸದ ಬಗ್ಗೆಯೂ ಅಲ್ಲ. ಅದು ಅಲ್ ಬಕರಃ ಅಧ್ಯಾಯದ 282ನೇ ಸೂಕ್ತ. ಅವಧಿಯಿಟ್ಟು ಮಾಡುವ ಸಾಲದ ವ್ಯವಹಾರವನ್ನು ಬರೆದಿಡಬೇಕು, ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದು ಎಂಬುದೇ ಅದರ ವಿಷಯ. ಕೈಯಿಂದ ಕೈಗೆ ನಡೆಯುವ ವ್ಯಾಪಾರವನ್ನು ಬರೆಯದಿದ್ದರೆ ದೋಷವಿಲ್ಲ ಎಂದೂ, ಮಾರಾಟಕ್ಕೆ ಸಾಕ್ಷಿಗಳಿರಲಿ ಎಂದೂ ಅದೇ ಸೂಕ್ತ ಹೇಳುತ್ತದೆ. ಅಂದರೆ ಇಂದು ಹಣ ಕೊಟ್ಟು ಮುಂದೆ ಸರಕು ಪಡೆಯುವಾಗ ಬರಹ ಬೇಕು. ನಾವು ಮಾಡುವುದು ಇದಕ್ಕೆ ವಿರುದ್ಧ. ತರಕಾರಿಗೆ ಚೌಕಾಶಿ ಮಾಡುತ್ತೇವೆ, ಸಾವಿರಾರು ರೂಪಾಯಿ ಮುಂಗಡವನ್ನು ಚೀಟಿಯೂ ಇಲ್ಲದೆ ಕೊಟ್ಟು ಬರುತ್ತೇವೆ.

ಅಲ್ ಮಾಇದಃ ಅಧ್ಯಾಯವು ವಿಶ್ವಾಸಿಗಳಿಗೆ ಕರಾರುಗಳನ್ನು ಪಾಲಿಸಿರೆಂಬ ಆಜ್ಞೆಯಿಂದಲೇ ಆರಂಭವಾಗುತ್ತದೆ. ಅಳತೆ ತೂಕದಲ್ಲಿ ಮೋಸ ಮಾಡುವವರ ಬಗ್ಗೆ ಅಲ್ ಮುತಫ್ಫಿಫೀನ್ ಎಂಬ ಅಧ್ಯಾಯವೇ ಇದೆ. ಪ್ರವಾದಿವರ್ಯರು(ಸ) ಒಮ್ಮೆ ಧಾನ್ಯದ ರಾಶಿಯೊಂದರ ಬಳಿ ಹೋಗುವಾಗ ಅದರೊಳಗೆ ಕೈ ಹಾಕಿ ನೋಡಿದರು. ಬೆರಳುಗಳಿಗೆ ತೇವ ತಗಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನೇಕೆ ಮೇಲೆ ಇಡಲಿಲ್ಲ ಎಂದು ಕೇಳಿದರು. ಮೋಸ ಮಾಡುವವನು ತನ್ನವನಲ್ಲ ಎಂದು ಎಚ್ಚರಿಸಿದರು. ಬಣ್ಣ ಹೊಡೆದ ಹಳೆಯ ಯಂತ್ರಕ್ಕೂ ಮೇಲೆ ಒಣಗಿ ಒಳಗೆ ನೆನೆದ ಧಾನ್ಯಕ್ಕೂ ಏನು ವ್ಯತ್ಯಾಸ?

ಹಕ್ಕು ಕೇಳುವುದು ಅಗೌರವವೇ? ಪ್ರವಾದಿವರ್ಯರಿಗೆ(ಸ) ಒಂಟೆಯೊಂದನ್ನು ಸಾಲ ಕೊಟ್ಟಿದ್ದ ವ್ಯಕ್ತಿಯೊಬ್ಬನು ಬಂದು ಒರಟಾಗಿ ಕೇಳಿದನು. ಸಂಗಾತಿಗಳು ಕೋಪಗೊಂಡರು. ಆಗ ಪ್ರವಾದಿವರ್ಯರು(ಸ) ಅವರನ್ನು ತಡೆದು, ಹಕ್ಕುಳ್ಳವನಿಗೆ ಮಾತನಾಡುವ ಅಧಿಕಾರವಿದೆ ಎಂದರು. ಅವನು ಕೊಟ್ಟದ್ದಕ್ಕಿಂತ ಉತ್ತಮವಾದ ಒಂಟೆಯನ್ನೇ ಕೊಡಿಸಿದರು. ಅಲ್ಲಾಹನ ಸಂದೇಶವಾಹಕರ ಮುಂದೆಯೇ ಹಕ್ಕು ಕೇಳಲು ಅವಕಾಶವಿತ್ತೆಂದ ಮೇಲೆ ಒಬ್ಬ ಅಂಗಡಿಯವನ ಮುಂದೆ ನಾವೇಕೆ ಸಂಕೋಚಪಡಬೇಕು?

ನಮ್ಮ ಫಿಕ್ಹ್ ಗ್ರಂಥಗಳಲ್ಲಿ 'ಖಿಯಾರ್' ಎಂಬ ಅಧ್ಯಾಯವಿದೆ. ಮಾರಾಟವನ್ನು ಉಳಿಸಿಕೊಳ್ಳುವ ಅಥವಾ ರದ್ದುಗೊಳಿಸುವ ಹಕ್ಕಿಗೆ ಈ ಹೆಸರು. ವ್ಯಾಪಾರದಲ್ಲಿ ಪದೇ ಪದೇ ಮೋಸಹೋಗುತ್ತಿದ್ದ ಸಹಾಬಿಯೊಬ್ಬರಿಗೆ, ಕೊಳ್ಳುವಾಗಲೇ ವಂಚನೆ ಇರಕೂಡದೆಂದು ಹೇಳುವಂತೆ ಪ್ರವಾದಿವರ್ಯರು(ಸ) ಕಲಿಸಿದರು. ಅವರಿಗೆ ಮೂರು ದಿನಗಳ ಅವಕಾಶವನ್ನೂ ಕೊಟ್ಟರೆಂದು ವರದಿಯಾಗಿದೆ. ಸರಕಿನಲ್ಲಿ ಮೊದಲೇ ಇದ್ದು, ಕೊಳ್ಳುವವರಿಗೆ ತಿಳಿಯದಿದ್ದ ದೋಷ ಆಮೇಲೆ ಕಂಡರೆ ಅದನ್ನು ಹಿಂದಿರುಗಿಸಿ ಪೂರ್ತಿ ಬೆಲೆ ಪಡೆಯುವ ಹಕ್ಕಿಗೆ 'ಖಿಯಾರುಲ್ ಐಬ್' ಎನ್ನುತ್ತಾರೆ. ಕರಾವಳಿಯ ನಮ್ಮ ಶಾಫಿಈಗಳಿರಲಿ, ಘಟ್ಟದ ಮೇಲಿನ ಹನಫೀಗಳಿರಲಿ, ಈ ಹಕ್ಕನ್ನು ಎಲ್ಲರೂ ಒಪ್ಪುತ್ತಾರೆ.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಸರಕುಗಳ ಮಾರಾಟಕ್ಕೆ ಪ್ರತ್ಯೇಕವಾದ ಕಾನೂನಿದೆ. ಅದು 1930ರ ಸರಕು ಮಾರಾಟ ಕಾಯ್ದೆ. ಅದೇ ವರ್ಷ ಜುಲೈ 1ರಂದು ಜಾರಿಗೆ ಬಂತು. ಅದಕ್ಕೆ ಮೊದಲು ಈ ನಿಯಮಗಳು 1872ರ ಭಾರತೀಯ ಕರಾರು ಕಾಯ್ದೆಯಲ್ಲಿದ್ದವು. ಇದು ಅನ್ವಯಿಸುವುದು ಚರ ವಸ್ತುಗಳಿಗೆ. ಜಮೀನು, ಮನೆ ಇದರಲ್ಲಿ ಬರುವುದಿಲ್ಲ. ಅಕ್ಕಿ, ಬಟ್ಟೆ, ಕಪಾಟು, ಫ್ರಿಜ್, ಹೊಲಿಗೆ ಯಂತ್ರ ಎಲ್ಲವೂ ಬರುತ್ತವೆ.

ಈ ಕಾಯ್ದೆಯ 12ನೇ ಕಲಮು ಮಾರಾಟದ ಮಾತುಗಳನ್ನು ಎರಡಾಗಿ ವಿಂಗಡಿಸುತ್ತದೆ. ಮೊದಲನೆಯದು ಷರತ್ತು. ಯಾವ ಮಾತಿಲ್ಲದಿದ್ದರೆ ವ್ಯಾಪಾರಕ್ಕೆ ಅರ್ಥವೇ ಇಲ್ಲವೋ ಅದು ಷರತ್ತು. ಎರಡನೆಯದು ಖಾತರಿ, ನಾವು ವಾರಂಟಿ ಎನ್ನುವುದು. ಅದು ಮುಖ್ಯ ಉದ್ದೇಶಕ್ಕೆ ಜೊತೆಯಾಗಿರುವ ಮಾತು. ಷರತ್ತು ಮುರಿದರೆ ನೀವು ಮಾರಾಟವನ್ನೇ ರದ್ದುಗೊಳಿಸಿ ಸರಕನ್ನು ನಿರಾಕರಿಸಬಹುದು. ಖಾತರಿ ಮುರಿದರೆ ಸರಕನ್ನು ಇಟ್ಟುಕೊಂಡು ನಷ್ಟ ಪರಿಹಾರವನ್ನು ಮಾತ್ರ ಕೇಳಬಹುದು. 'ಹೊಸ ಯಂತ್ರ' ಎಂಬುದು ಷರತ್ತು. ಹೊಸದೆಂದು ಹೇಳಿ ಹಳೆಯದನ್ನು ಕೊಟ್ಟರೆ ಮಾರಾಟದ ಬೇರೇ ಕಿತ್ತುಹೋಯಿತು.

ಬಾಯಿಬಿಟ್ಟು ಹೇಳದಿದ್ದರೂ ಕಾನೂನೇ ಸೇರಿಸುವ ಕೆಲವು ಷರತ್ತುಗಳಿವೆ. ವಿವರಣೆ ಕೊಟ್ಟು ಮಾರಿದ ಸರಕು ಆ ವಿವರಣೆಗೆ ಹೊಂದಬೇಕು. ಮಾದರಿ ತೋರಿಸಿ ಮಾರಿದ ಸರಕು ಗುಣಮಟ್ಟದಲ್ಲಿ ಮಾದರಿಯಂತೆಯೇ ಇರಬೇಕು. 'ಇಂಥ ಕೆಲಸಕ್ಕೆ ಬೇಕು' ಎಂದು ತಿಳಿಸಿ, ಆ ಸರಕಿನ ವ್ಯಾಪಾರಿಯ ತಿಳುವಳಿಕೆಯನ್ನು ನಂಬಿ ಕೊಂಡಿದ್ದರೆ ಅದು ಆ ಕೆಲಸಕ್ಕೆ ತಕ್ಕದ್ದಾಗಿರಬೇಕು. ಪ್ರಮಾಣದ ಬಗ್ಗೆಯೂ ನಿಯಮವಿದೆ. ಇಪ್ಪತ್ತು ಚೀಲ ಅಕ್ಕಿ ಹೇಳಿದ್ದು ಹದಿನಾರು ಬಂದರೆ ನೀವು ಎಲ್ಲವನ್ನೂ ನಿರಾಕರಿಸಬಹುದು. ಹದಿನಾರನ್ನು ಸ್ವೀಕರಿಸಿದರೆ ಅಷ್ಟಕ್ಕೆ ಒಪ್ಪಿದ ದರ ಕೊಡಬೇಕು.

ಹಾಗೆಂದು ಕೊಳ್ಳುವವರಿಗೆ ಜವಾಬ್ದಾರಿಯೇ ಇಲ್ಲವೆಂದಲ್ಲ. ಮುಂದೆಯೇ ಇಟ್ಟ ಸರಕನ್ನು ಪರೀಕ್ಷಿಸಿ ನೋಡಿ ಕೊಂಡ ಮೇಲೆ, ಆ ಪರೀಕ್ಷೆಯಲ್ಲೇ ಕಾಣಬೇಕಾಗಿದ್ದ ದೋಷದ ಬಗ್ಗೆ ಆಮೇಲೆ ದೂರುವುದು ಕಷ್ಟ. ಗಾಜಿನ ಬಿರುಕನ್ನು ಅಂಗಡಿಯಲ್ಲೇ ನೋಡಬೇಕು. ಬಣ್ಣದ ಕೆಳಗಿನ ತುಕ್ಕು ಬೇರೆ ಮಾತು. ಅದು ಮರೆಮಾಚಿದ ದೋಷ.

ತಿಳಿದ ಕೂಡಲೇ ತಿಳಿಸಿ

ಈ ಲೇಖನದಲ್ಲಿ ನೀವು ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ದೋಷ ಕಂಡ ಕೂಡಲೇ ಬಳಕೆ ನಿಲ್ಲಿಸಿ, ಮಾರಿದವರಿಗೆ ತಿಳಿಸಿ.

ಸರಕು ಮನೆಗೆ ಬಂದ ಮಾತ್ರಕ್ಕೆ ನೀವು ಅದನ್ನು 'ಸ್ವೀಕರಿಸಿದಂತೆ' ಆಗುವುದಿಲ್ಲ. ಮೊದಲು ನೋಡಿರದಿದ್ದರೆ ಪರೀಕ್ಷಿಸಲು ಸಾಕಷ್ಟು ಅವಕಾಶ ಪಡೆಯುವುದು ನಿಮ್ಮ ಹಕ್ಕು. ಆದರೆ ಒಪ್ಪಿದೆನೆಂದು ಹೇಳಿದರೆ, ಅಥವಾ ನಿಮ್ಮದೇ ವಸ್ತುವಿನಂತೆ ಅದನ್ನು ವಿನಿಯೋಗಿಸಿದರೆ, ಅಥವಾ ಸಮಂಜಸವಾದ ಕಾಲ ಕಳೆದರೂ ಬೇಡವೆಂದು ತಿಳಿಸದೆ ಇಟ್ಟುಕೊಂಡರೆ ಸ್ವೀಕರಿಸಿದಂತಾಗುತ್ತದೆ. ಒಮ್ಮೆ ಸ್ವೀಕರಿಸಿದ ಮೇಲೆ ಸಾಮಾನ್ಯವಾಗಿ ಈ ಕಾಯ್ದೆಯಡಿ ಹಿಂದಿರುಗಿಸುವ ಹಕ್ಕು ಹೋಗಿ, ಪರಿಹಾರ ಕೇಳುವ ಹಕ್ಕು ಮಾತ್ರ ಉಳಿಯುತ್ತದೆ.

ಆಶ್ಚರ್ಯವೆಂದರೆ ನಮ್ಮ ಇಮಾಮರುಗಳು ಶತಮಾನಗಳ ಹಿಂದೆಯೇ ಇದನ್ನು ಹೇಳಿದ್ದಾರೆ. ದೋಷ ತಿಳಿದ ಕೂಡಲೇ ಹಿಂದಿರುಗಿಸಲು ಮುಂದಾಗಬೇಕು, ಕಾರಣವಿಲ್ಲದೆ ತಡ ಮಾಡಿದರೆ ಹಕ್ಕು ಹೋಗುತ್ತದೆ ಎನ್ನುತ್ತದೆ ಶಾಫಿಈ ಮದ್‌ಹಬ್. ದೋಷ ತಿಳಿದೂ ಬಳಸಿದರೆ ಒಪ್ಪಿಕೊಂಡಂತೆ ಎನ್ನುತ್ತದೆ ಹನಫೀ ಮದ್‌ಹಬ್. ನಮ್ಮ ಸಹೋದರಿಗೆ ಸಬರ್ ಎಂದು ಬುದ್ಧಿ ಹೇಳಿದವರು ತಮಗರಿವಿಲ್ಲದೆ ಆಕೆಯ ಹಕ್ಕನ್ನೇ ದುರ್ಬಲಗೊಳಿಸಿದರು.

ಇನ್ನೊಂದು ವಿಷಯ. ಬೇಡವೆಂದು ನಿರಾಕರಿಸಿದ ಸರಕನ್ನು ನೀವೇ ಹೊತ್ತುಕೊಂಡು ಅಂಗಡಿಗೆ ಮುಟ್ಟಿಸಬೇಕಾಗಿಲ್ಲ. ಬೇರೆ ಕರಾರು ಇಲ್ಲದಿದ್ದರೆ, ನಿರಾಕರಿಸಿದ್ದೇನೆಂದು ತಿಳಿಸಿದರೆ ಸಾಕು. ಆಟೋ ಬಾಡಿಗೆಗೂ ಯೋಚಿಸುವ ನಮ್ಮ ಅನೇಕ ಸಹೋದರಿಯರಿಗೆ ಇದು ಸಣ್ಣ ಮಾತಲ್ಲ.

ಏನೇನು ಕೇಳಬಹುದು?

ಮೊದಲನೆಯದಾಗಿ, ಕೊಟ್ಟ ಹಣ. ಸರಕೇ ಬರದಿದ್ದರೆ ಅಥವಾ ನೀವು ನ್ಯಾಯವಾಗಿ ನಿರಾಕರಿಸಿದ್ದರೆ ಮುಂಗಡವೂ ಸೇರಿ ಕೊಟ್ಟ ಬೆಲೆಯನ್ನು ಮರಳಿ ಕೇಳಬಹುದು.

ಎರಡನೆಯದು, ಸರಕು ಕೊಡದೆ ಹೋದದ್ದಕ್ಕೆ ನಷ್ಟ ಪರಿಹಾರ. ಲೆಕ್ಕ ಹೀಗೆ. ಮಗನ ವಲೀಮಾಕ್ಕೆ ಇಪ್ಪತ್ತು ಚೀಲ ಅಕ್ಕಿಯನ್ನು ಚೀಲಕ್ಕೆ 1,500 ರೂಪಾಯಿಯಂತೆ ಒಪ್ಪಿಸಿದ್ದೀರಿ ಎನ್ನೋಣ. ದರ ಏರಿತೆಂದು ವ್ಯಾಪಾರಿ ಕೈಯೆತ್ತಿದ. ಅಂದು ಪೇಟೆಯ ದರ 1,700 ರೂಪಾಯಿ. ಚೀಲಕ್ಕೆ 200 ರೂಪಾಯಿಯಂತೆ 4,000 ರೂಪಾಯಿ ನಿಮ್ಮ ನಷ್ಟ. ಅದನ್ನು ಅವನೇ ಕೊಡಬೇಕು. ಕೊಡಬೇಕಾದ ದಿನಕ್ಕೆ ಮೊದಲೇ ಅವನು 'ಕೊಡಲಾಗದು' ಎಂದುಬಿಟ್ಟರೆ, ಆ ದಿನ ಬರುವವರೆಗೆ ಕಾಯಬೇಕಾಗಿಯೂ ಇಲ್ಲ.

ಮೂರನೆಯದು, ಬೆಲೆಯಲ್ಲಿ ಕಡಿತ. ಸರಕನ್ನು ಇಟ್ಟುಕೊಂಡರೂ ದೋಷದಿಂದ ಕಡಿಮೆಯಾದ ಮೌಲ್ಯವನ್ನು ಬಾಕಿ ಬೆಲೆಯಲ್ಲಿ ಕಳೆಯಬಹುದು, ಅಥವಾ ಅದಕ್ಕಾಗಿ ದಾವೆ ಹೂಡಬಹುದು. ಇಲ್ಲಿ ಫಿಕ್ಹ್‌ನಲ್ಲಿ ಸ್ವಲ್ಪ ವ್ಯತ್ಯಾಸವಿದೆ. ಶಾಫಿಈ ಮತ್ತು ಹನಫೀ ಮದ್‌ಹಬ್‌ಗಳಲ್ಲಿ ಸಾಮಾನ್ಯ ನಿಯಮವೆಂದರೆ ಹಿಂದಿರುಗಿಸಿ, ಇಲ್ಲವೇ ಪೂರ್ತಿ ಬೆಲೆಗೆ ಇಟ್ಟುಕೊಳ್ಳಿ. ಕಡಿತಕ್ಕೆ ಮಾರಿದವನ ಒಪ್ಪಿಗೆ ಬೇಕು, ಅಥವಾ ಹಿಂದಿರುಗಿಸಲು ಸಾಧ್ಯವಿಲ್ಲದ ಸ್ಥಿತಿ ಬಂದಿರಬೇಕು. ಇಬ್ಬರೂ ಕೂತು ಒಪ್ಪಿ ಬೆಲೆ ಇಳಿಸಿಕೊಂಡರೆ ಎರಡು ಕಡೆಯಿಂದಲೂ ತೊಡಕಿಲ್ಲ.

ನಾಲ್ಕನೆಯದು, ಆ ವಸ್ತುವನ್ನೇ ಕೊಡಿಸುವ ಆದೇಶ. ನೀವು ಕೊಂಡದ್ದು ನಿರ್ದಿಷ್ಟವಾದ ಒಂದೇ ವಸ್ತುವಾಗಿದ್ದು, ಬೇರೆಡೆ ಸಿಗದಂಥದ್ದಾಗಿದ್ದರೆ ಅದನ್ನೇ ಒಪ್ಪಿಸುವಂತೆ ನ್ಯಾಯಾಲಯ ಆದೇಶಿಸಬಹುದು.

ಐದನೆಯದು, ಮಾತು ತಪ್ಪಿದ್ದರಿಂದಾದ ಇತರ ನಷ್ಟ. ಇಲ್ಲಿ 1872ರ ಕರಾರು ಕಾಯ್ದೆಯ 73ನೇ ಕಲಮು ಒಂದು ಅಳತೆಗೋಲು ಇಟ್ಟಿದೆ. ಸಹಜವಾಗಿ ಆಗುವ ನಷ್ಟಕ್ಕೆ, ಅಥವಾ ಕರಾರು ಮಾಡುವಾಗಲೇ ಇಬ್ಬರಿಗೂ ಗೊತ್ತಿದ್ದ ನಷ್ಟಕ್ಕೆ ಪರಿಹಾರವಿದೆ. ದೂರದ, ಪರೋಕ್ಷವಾದ ನಷ್ಟಕ್ಕಿಲ್ಲ. 'ಹಬ್ಬದ ಆರ್ಡರು ಹಿಡಿದಿದ್ದೇನೆ, ಇಂಥ ದಿನದೊಳಗೆ ಮೆಷಿನ್ ಬೇಕು' ಎಂದು ಕೊಳ್ಳುವಾಗಲೇ ಹೇಳಿದ್ದರೆ ಹಬ್ಬದ ಸಂಪಾದನೆ ಹೋದದ್ದನ್ನು ಕೇಳಲು ಆಧಾರವಿರುತ್ತದೆ. ಚೀಟಿಯಲ್ಲಿ ಬರೆಸಿದ್ದರೆ ಇನ್ನೂ ಒಳ್ಳೆಯದು. ಜೊತೆಗೆ ನಷ್ಟ ಹೆಚ್ಚದಂತೆ ನೋಡಿಕೊಳ್ಳುವುದು ನಿಮ್ಮ ಮೇಲೂ ಇದೆ. ಬಾಡಿಗೆಗೆ ಇನ್ನೊಂದು ಯಂತ್ರ ತಂದು ಹೊಲಿದಿದ್ದರೆ ಆ ಬಾಡಿಗೆಯನ್ನು ಕೇಳಬಹುದು. ಸಿಗುತ್ತಿದ್ದರೂ ತರದೆ ಸುಮ್ಮನೆ ಕುಳಿತಿದ್ದರೆ ಪೂರ್ತಿ ನಷ್ಟ ಸಿಗಲಾರದು.

ಚಿನ್ನ ಕೊಳ್ಳುವ ಸಹೋದರಿಯರಿಗೆ ಒಂದು ಮಾತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯವಿರುವ ಜಿಲ್ಲೆಗಳಲ್ಲಿ ಆಭರಣದ ಮೇಲೆ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಇರಲೇಬೇಕು. ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ನೀವೇ ಪರೀಕ್ಷಿಸಬಹುದು. ಹಾಲ್‌ಮಾರ್ಕ್ ಇರುವ ಆಭರಣದಲ್ಲಿ ಹೇಳಿದ್ದಕ್ಕಿಂತ ಶುದ್ಧತೆ ಕಡಿಮೆಯಿದ್ದರೆ, ಆ ಕೊರತೆಯ ಮೌಲ್ಯದ ಎರಡು ಪಟ್ಟು ಮತ್ತು ಪರೀಕ್ಷೆಯ ಖರ್ಚು ನಿಮಗೆ ಸಲ್ಲಬೇಕೆಂದು 2018ರ ನಿಯಮಗಳು ಹೇಳುತ್ತವೆ.

ಎಲ್ಲಿಗೆ ಹೋಗಬೇಕು?

ಕೋರ್ಟು ಎಂದ ಕೂಡಲೇ ನಮ್ಮ ಹೆಣ್ಣುಮಕ್ಕಳು ಹೆದರುತ್ತಾರೆ. ಆದರೆ ಮನೆಬಳಕೆಗೆ ಕೊಂಡವರಿಗೆ ಸುಲಭದ ದಾರಿಯೊಂದಿದೆ. 1986ರಲ್ಲಿ ಮೊದಲ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. ಅದರ ಬದಲಿಗೆ ಬಂದ 2019ರ ಕಾಯ್ದೆ 2020ರ ಜುಲೈಯಲ್ಲಿ ಜಾರಿಯಾಯಿತು. ನಾವು ಗ್ರಾಹಕರ ವೇದಿಕೆ ಎನ್ನುತ್ತಿದ್ದುದು ಈಗ ಜಿಲ್ಲಾ ಗ್ರಾಹಕರ ಆಯೋಗ.

ಈ ಕಾಯ್ದೆಯ ಕೆಲವು ಮಾತುಗಳು ನಮಗಾಗಿಯೇ ಬರೆದಂತಿವೆ. ಗಂಡ ಕೊಂಡು ತಂದ ವಸ್ತುವನ್ನು ಅವರ ಒಪ್ಪಿಗೆಯಿಂದ ಬಳಸುವ ಹೆಂಡತಿಯೂ ಗ್ರಾಹಕಳೇ. ಗಂಡ ಕೊಲ್ಲಿಯಲ್ಲಿದ್ದರೆ ಅವರು ಬರುವವರೆಗೆ ಕಾಯಬೇಕಾಗಿಲ್ಲ. ವ್ಯಾಪಾರಕ್ಕೆಂದು ಕೊಂಡವರು ಗ್ರಾಹಕರಲ್ಲವಾದರೂ, ಸ್ವಂತ ದುಡಿಮೆಯಿಂದ ಹೊಟ್ಟೆಪಾಡು ನಡೆಸಲು ಕೊಂಡವರು ಗ್ರಾಹಕರೇ. ಹೊಲಿಗೆ ಯಂತ್ರ ಕೊಂಡ ನಮ್ಮ ಸಹೋದರಿ ಇದರಲ್ಲಿ ಬರುತ್ತಾರೆ. ಅಂಗಡಿ ಯಾವ ಊರಿನಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರನ್ನು ಇಡಲೇಬೇಕೆಂದಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವೇ ಇಲ್ಲ. 50 ಲಕ್ಷದವರೆಗಿನ ಖರೀದಿಯ ದೂರುಗಳನ್ನು ಜಿಲ್ಲಾ ಆಯೋಗವೇ ವಿಚಾರಿಸುತ್ತದೆ.

'ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ' ಎಂಬ ಸಾಲಿನ ಗತಿಯೇನು? ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿಲ್ಲದಿದ್ದರೆ 30 ದಿನಗಳೊಳಗೆ, ಹಿಂದೆ ಪಡೆದು ಹಣ ಕೊಡಲು ನಿರಾಕರಿಸುವುದು ಈ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಹಾಗೆಯೇ. ಅಚ್ಚು ಹಾಕಿಸಿದ ಒಂದು ಸಾಲು ಕಾನೂನಿಗಿಂತ ದೊಡ್ಡದಾಗಲಾರದು. ಆದರೆ ನೆನಪಿಡಿ, ಇದು ದೋಷವಿರುವ ಸರಕಿನ ಮಾತು. ಬಣ್ಣ ಇಷ್ಟವಾಗಲಿಲ್ಲ, ನಾದಿನಿಗೆ ಒಪ್ಪಲಿಲ್ಲ ಎಂದು ಹಿಂದಿರುಗಿಸಲು ಇದು ಆಧಾರವಲ್ಲ.

ಆನ್‌ಲೈನಿನಲ್ಲಿ ಕೊಂಡವರಿಗೂ 2020ರ ಇ-ವಾಣಿಜ್ಯ ನಿಯಮಗಳಿವೆ. ದೂರು ತಲುಪಿದೆಯೆಂದು 48 ಗಂಟೆಯೊಳಗೆ ಹೇಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ದೋಷವಿರುವ, ನಕಲಿಯಾದ, ಜಾಹೀರಾತಿಗೆ ಹೊಂದದ ಸರಕನ್ನು ಮಾರಾಟಗಾರ ಹಿಂದೆ ಪಡೆಯಲೇಬೇಕು.

ಮೊದಲ ಹೆಜ್ಜೆ ಪತ್ರ. ಕೊಂಡ ದಿನಾಂಕ, ಕೊಟ್ಟ ಹಣ, ಕೊಟ್ಟ ಮಾತು, ಕಂಡ ದೋಷ, ನೀವು ಕೇಳುವ ಪರಿಹಾರ, ಅದಕ್ಕೆ ಹದಿನೈದು ದಿನಗಳ ಗಡುವು. ಇಷ್ಟನ್ನು ಸರಳ ಕನ್ನಡದಲ್ಲಿ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಪ್ರತಿಯನ್ನೂ ರಶೀದಿಯನ್ನೂ ಇಟ್ಟುಕೊಳ್ಳಿ. ಬೈಗುಳ ಬೇಡ, ಬೆದರಿಕೆ ಬೇಡ. ಎರಡನೆಯದು, 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅನೇಕ ತಕರಾರುಗಳು ಅಲ್ಲಿಯೇ ಮುಗಿಯುತ್ತವೆ. ಮೂರನೆಯದು, ಜಿಲ್ಲಾ ಆಯೋಗಕ್ಕೆ ದೂರು. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ಆಯೋಗವು ದೋಷ ಸರಿಪಡಿಸಲು, ಬದಲಿ ಕೊಡಲು, ಹಣ ಹಿಂದಿರುಗಿಸಲು, ಪರಿಹಾರ ಕೊಡಲು ಆದೇಶಿಸಬಹುದು. ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ನಿಜದಲ್ಲಿ ಹೆಚ್ಚು ಕಾಲ ಹಿಡಿಯುವುದುಂಟು. ಆದ್ದರಿಂದಲೇ ಪತ್ರದಲ್ಲಿ, ಸಂಧಾನದಲ್ಲಿ ಮುಗಿಯುವುದಾದರೆ ಅದೇ ಉತ್ತಮ.

ನಿಮ್ಮ ಮನೆಯವರು ಅಂಗಡಿ ನಡೆಸುತ್ತಿದ್ದು, ಮಾರಲೆಂದು ಸಗಟು ಸರಕು ಕೊಂಡಿದ್ದರೆ ಅವರು ಗ್ರಾಹಕರಾಗುವುದಿಲ್ಲ. ಅವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಅಲ್ಲಿ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ವಕೀಲರ ಖರ್ಚಿನ ಚಿಂತೆಯೇ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ನಿಮ್ಮ ತಾಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಅಥವಾ 15100ಕ್ಕೆ ಕರೆ ಮಾಡಿ.

ಕೆಲವು ಸಹೋದರಿಯರು ಕೇಳುವುದುಂಟು: ಆಯೋಗವು ಹಣವನ್ನು ಬಡ್ಡಿ ಸಹಿತ ಕೊಡಲು ಹೇಳಿದರೆ? ಕೊಟ್ಟ ಬೆಲೆ ಮತ್ತು ಆದ ನಷ್ಟ ನಿಮ್ಮ ಹಕ್ಕು. ಬಡ್ಡಿಯ ಹೆಸರಿನಲ್ಲಿ ಬರುವ ಮೊತ್ತವನ್ನು ಸ್ವಂತಕ್ಕೆ ಬಳಸದೆ, ಪುಣ್ಯದ ನಿರೀಕ್ಷೆಯಿಲ್ಲದೆ ಬಡವರಿಗೆ ಕೊಟ್ಟುಬಿಡಬೇಕೆಂದು ಅನೇಕ ಉಲಮಾಗಳು ಹೇಳುತ್ತಾರೆ. ನಿಮ್ಮ ಊರಿನ ವಿದ್ವಾಂಸರಲ್ಲಿ ಕೇಳಿ ನಡೆದುಕೊಳ್ಳಿ.

ನೀವೇ ಮಾರುವವರಾದಾಗ

ಇಂದು ನಮ್ಮ ಅನೇಕ ಸಹೋದರಿಯರು ಮನೆಯಲ್ಲೇ ಕುಳಿತು ಬುರ್ಖಾ ಹೊಲಿದು, ಉಪ್ಪಿನಕಾಯಿ ಹಾಕಿ, ತಿಂಡಿ ಮಾಡಿ ಮಾರುತ್ತಾರೆ. ಕಾನೂನು ಕೊಳ್ಳುವವರ ಪರವಾಗಿ ಮಾತ್ರ ಇಲ್ಲ. ಹಣ ಸಿಗುವವರೆಗೆ ಸರಕನ್ನು ತಡೆದಿಟ್ಟುಕೊಳ್ಳುವ ಹಕ್ಕು ನಿಮಗಿದೆ. ಆದರೆ ಸಾಲಕ್ಕೆ ಕೊಡುತ್ತೇನೆಂದು ಒಪ್ಪಿದ್ದರೆ ಆ ಅವಧಿ ಮುಗಿಯುವವರೆಗೆ ತಡೆಯುವಂತಿಲ್ಲ. ಆರ್ಡರು ಕೊಟ್ಟವರು ಕಾರಣವಿಲ್ಲದೆ ಬೇಡವೆಂದರೆ ನಷ್ಟ ಪರಿಹಾರ ಕೇಳಬಹುದು. ಸರಕು ಅವರದಾಗಿ ಹಣ ಮಾತ್ರ ಬಾಕಿಯಿದ್ದರೆ ಬೆಲೆಗೇ ದಾವೆ ಹೂಡಬಹುದು. ನಿಮ್ಮ ಬಳಿಯೇ ಉಳಿದ ಸರಕನ್ನು, ಮೊದಲು ತಿಳಿಸಿ ಸಮಂಜಸವಾದ ಕಾಲ ಕಾದು, ಬೇರೆಯವರಿಗೆ ಮಾರಬಹುದು. ಬೇಗ ಕೆಡುವ ತಿಂಡಿಯಾದರೆ ಕಾಯಬೇಕಾಗಿಲ್ಲ.

ಹಕ್ಕು ಇದ್ದಲ್ಲಿ ಹೊಣೆಯೂ ಇದೆ. ಇಮಾಮ್ ಅಬೂಹನೀಫಾ(ರ) ಕೂಫಾ ನಗರದಲ್ಲಿ ಬಟ್ಟೆ ವ್ಯಾಪಾರಿಯಾಗಿದ್ದರು. ದೋಷವಿದ್ದ ಬಟ್ಟೆಯೊಂದನ್ನು ಪಾಲುದಾರರಿಗೆ ಕೊಟ್ಟು, ಮಾರುವಾಗ ದೋಷವನ್ನು ತಿಳಿಸುವಂತೆ ಹೇಳಿದ್ದರು. ಪಾಲುದಾರರು ಮರೆತು ಮಾರಿಬಿಟ್ಟರು. ಕೊಂಡವರು ಯಾರೆಂದೂ ತಿಳಿಯಲಿಲ್ಲ. ಇಮಾಮರು ಆ ಮಾರಾಟದಿಂದ ಬಂದ ಹಣವನ್ನೆಲ್ಲ ದಾನ ಮಾಡಿದರೆಂದು ಅವರ ಜೀವನಚರಿತ್ರೆಯಲ್ಲಿ ಹೇಳಲಾಗಿದೆ. ದೋಷ ಮುಚ್ಚಿಟ್ಟು ಗಳಿಸಿದ ರೊಟ್ಟಿಯನ್ನು ಮಕ್ಕಳಿಗೆ ತಿನ್ನಿಸುವ ಮೊದಲು ನಾವು ಇದನ್ನು ನೆನೆಯಬೇಡವೇ?

ಕೊನೆಯ ಮಾತು

ಆ ಸಹೋದರಿಯ ಕಥೆ ಏನಾಯಿತು? ನಾವು ಪತ್ರ ಬರೆದೆವು. ನಾನು ಹೇಳಿದೆ, ಆಕೆಯ ಮಗಳು ತನ್ನ ದುಂಡಾದ ಅಕ್ಷರದಲ್ಲಿ ಬರೆದಳು. ರಿಪೇರಿಯವನಿಂದ ಎರಡು ಸಾಲು ಬರೆಸಿ ಜೊತೆಗಿಟ್ಟೆವು. ಗಡುವು ಮುಗಿಯುವ ಮೊದಲೇ ಅಂಗಡಿಯವರು ಬಂದು ಹಳೆಯ ಯಂತ್ರವನ್ನು ಒಯ್ದು ಹೊಸದನ್ನು ಇಟ್ಟುಹೋದರು. ಹಬ್ಬದ ಸಂಪಾದನೆ ಮಾತ್ರ ಬರಲಿಲ್ಲ. ಯಾವ ದಿನದೊಳಗೆ ಕೊಡಬೇಕೆಂಬುದು ಚೀಟಿಯಲ್ಲಿರಲಿಲ್ಲ, ದೋಷ ತಿಳಿದ ಮೇಲೂ ಅದರಲ್ಲಿ ಹೊಲಿದಿದ್ದರು. "ಅದನ್ನು ಅಲ್ಲಾಹನಿಗಾಗಿ ಬಿಟ್ಟೆ ಟೀಚರ್" ಎಂದರು. ಕೇಳುವ ಶಕ್ತಿ ಬಂದ ಮೇಲೆ ಬಿಟ್ಟ ಈ ಮಾತಿಗೂ, ಏನೂ ತಿಳಿಯದೆ ಸುಮ್ಮನಿದ್ದ ಅಂದಿನ ಮೌನಕ್ಕೂ ಎಷ್ಟು ಅಂತರ!

ಮಾರುವಾಗಲೂ, ಕೊಳ್ಳುವಾಗಲೂ, ತನ್ನ ಹಕ್ಕನ್ನು ಕೇಳುವಾಗಲೂ ಮೃದುವಾಗಿರುವವನಿಗೆ ಅಲ್ಲಾಹನು ಕರುಣೆ ತೋರಲಿ ಎಂದು ಪ್ರವಾದಿವರ್ಯರು(ಸ) ಪ್ರಾರ್ಥಿಸಿದ್ದಾರೆ. ಗಮನಿಸಿ, ಹಕ್ಕನ್ನು ಕೇಳಬೇಡಿ ಎಂದಿಲ್ಲ, ಮೃದುವಾಗಿ ಕೇಳಿ ಎಂದಿದೆ. ಕೊಂಡು ಪಶ್ಚಾತ್ತಾಪಪಡುವವನ ಮಾರಾಟವನ್ನು ರದ್ದು ಮಾಡಿಕೊಟ್ಟವನ ತಪ್ಪುಗಳನ್ನು ಅಲ್ಲಾಹನು ಮನ್ನಿಸುವನೆಂಬ ಶುಭವಾರ್ತೆಯೂ ಇದೆ. ಕ್ಷಮಿಸುವುದು ಪುಣ್ಯ. ಆದರೆ ಕ್ಷಮಿಸಲು ಮೊದಲು ಹಕ್ಕು ನಮ್ಮದೆಂದು ತಿಳಿದಿರಬೇಕು.

ಆದ್ದರಿಂದ ಸಹೋದರಿಯರೇ, ಇಂದಿನಿಂದಲೇ ಅಡುಗೆಮನೆಯ ಕಪಾಟಿನಲ್ಲಿ ಒಂದು ಡಬ್ಬ ಇಡಿ. ಬಿಲ್ಲು, ವಾರಂಟಿ ಕಾರ್ಡು, ಮುಂಗಡದ ಚೀಟಿ ಎಲ್ಲ ಅದರಲ್ಲಿರಲಿ. ಮುಂಗಡ ಕೊಡುವಾಗ ವಸ್ತುವಿನ ವಿವರ, ಬೆಲೆ, ಕೊಡುವ ದಿನ ಈ ಮೂರನ್ನು ಬರೆಸದೆ ಅಂಗಡಿಯಿಂದ ಇಳಿಯಬೇಡಿ. ಬರೆಸಿಕೊಳ್ಳುವುದು ಅಪನಂಬಿಕೆಯಲ್ಲ, ಅಲ್ಲಾಹನ ಆದೇಶ. ಕೊಟ್ಟ ಮಾತನ್ನು ಉಳಿಸಿಕೊಳ್ಳುವವರಾಗಿಯೂ, ಕೊಟ್ಟ ಮಾತನ್ನು ಘನತೆಯಿಂದ ಕೇಳುವವರಾಗಿಯೂ ಅಲ್ಲಾಹನು ನಮ್ಮೆಲ್ಲರನ್ನು ಅನುಗ್ರಹಿಸಲಿ, ಆಮೀನ್.